ರುಚಿ ನೋಡಿದ್ದಕ್ಕೂ ಲೆಕ್ಕವಿದೆ

ಕಳೆದ ತಿಂಗಳು ಒಂದು ಶನಿವಾರ ಸಂಜೆ ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ವಿಸ್ಕಿ ರುಚಿ ನೋಡುವ ಕೂಟಕ್ಕೆ ನಾನು ಹೋಗಿದ್ದೆ. ಯಾರೋ ಕರೆದರೆಂದು ದಾಕ್ಷಿಣ್ಯಕ್ಕೆ ಹೋದದ್ದಲ್ಲ. ಟಿಕೆಟಿಗೆ ಹಣ ಕೊಟ್ಟು, ಇಷ್ಟಪಟ್ಟೇ ಹೋದದ್ದು. ಉಪ್ಪು ಕಡಿಮೆ ಮಾಡಿ, ಬೆಳಿಗ್ಗೆ ಅರ್ಧ ಗಂಟೆ ನಡೆಯಿರಿ ಎಂದು ವಾರವಾರವೂ ಇದೇ ಜಾಗದಲ್ಲಿ ಬರೆಯುವ ಡಾಕ್ಟರು ಇದೇನು ಹೇಳುತ್ತಿದ್ದಾರೆ ಎಂದು ನೀವು ಹುಬ್ಬೇರಿಸಬಹುದು. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಲೇಬೇಕೇ ಎಂದು ಮನೆಯಲ್ಲಿ ನನ್ನ ಹೆಂಡತಿಯೂ ಕೇಳಿದಳು. ಬರೆಯಲೇಬೇಕಾದ ಕಾರಣ ಆ ಸಂಜೆಯೇ ಹುಟ್ಟಿಕೊಂಡಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಈ ಹವ್ಯಾಸ ಅಂಟಿಕೊಂಡ ಬಗೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ನನಗೂ ಸೋಂಕು ತಗುಲಿ ಮೂಗು ಸತ್ತುಹೋಯಿತು. ಜ್ವರ ಒಂದು ವಾರದಲ್ಲಿ ಬಿಟ್ಟಿತು. ವಾಸನೆ ಮಾತ್ರ ನಾಲ್ಕು ತಿಂಗಳು ತಿರುಗಿ ನೋಡಲಿಲ್ಲ. ಒಗ್ಗರಣೆಯ ಇಂಗು, ಬೆಳಗಿನ ಡಿಕಾಕ್ಷನ್, ಮಳೆ ಬಿದ್ದ ನೆಲ ಯಾವುದೂ ಇಲ್ಲ. ಪುಳಿಯೋಗರೆ ಎಂದರೆ ಬರೀ ಹುಳಿ, ಪಾಯಸವೆಂದರೆ ಬರೀ ಸಿಹಿ. ನಾವು ರುಚಿ ಎಂದು ಕರೆಯುವುದರ ಬಹುಪಾಲು ನಾಲಿಗೆಯದಲ್ಲ, ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ವಾಸನೆಯದು ಎಂದು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಅರ್ಥವಾದದ್ದು ಆಗ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ದಿನಕ್ಕೆರಡು ಸಲ ಮೂಸಿ ಮೂಗಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸುವ ಒಂದು ಕ್ರಮ ಉಂಟು. ಬಿಡದೆ ಮಾಡಿದೆ. ಮೊದಲು ಮರಳಿದ್ದು ಲವಂಗ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಮೂಸಿ ನೋಡುವ ಚಾಳಿ ಹಿಡಿಯಿತು. ಒಮ್ಮೆ ಗೆಳೆಯರೊಬ್ಬರ ಮನೆಯಲ್ಲಿ ಮಾಲ್ಟ್ ವಿಸ್ಕಿಯ ಲೋಟವನ್ನು ಮೂಗಿನ ಹತ್ತಿರ ಹಿಡಿದಾಗ ಒಣದ್ರಾಕ್ಷಿ, ಬೆಲ್ಲ, ಹೊಸ ಪೀಠೋಪಕರಣದ ಮರ ಎಲ್ಲವೂ ಒಟ್ಟಿಗೆ ಬಂದವು. ಮೂಗು ಪೂರ್ತಿ ವಾಸಿಯಾಯಿತೆಂದು ನನಗೆ ನಂಬಿಕೆ ಬಂದದ್ದು ಆ ದಿನ.

ಇನ್ನು ಕೂಟದ ವಿಷಯ. ನಲವತ್ತು ಜನರಿದ್ದೆವು. ಪ್ರತಿಯೊಬ್ಬರ ಮುಂದೆ ಆರು ಗಾಜಿನ ಲೋಟ. ಕೆಳಗೆ ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಮೊಗ್ಗಿನ ಆಕಾರದವು. ಆವಿ ಚೆದುರಿ ಹೋಗದೆ ಮೂಗಿಗೆ ಬರಲೆಂದು ಈ ಆಕಾರ. ಮೂಗನ್ನು ಲೋಟದೊಳಕ್ಕೆ ತುರುಕಬಾರದು, ಮೂಸುವಾಗ ಬಾಯಿ ಸ್ವಲ್ಪ ತೆರೆದಿರಬೇಕು. ಇಲ್ಲದಿದ್ದರೆ ಮದ್ಯಸಾರದ ಘಾಟಿಗೆ ಮೂಗು ಮರಗಟ್ಟುತ್ತದೆ. ಆಮೇಲೆ ಕೆಲವು ಹನಿ ನೀರು. ನೀರು ಬೆರೆಸಿದರೆ ವಾಸನೆ ಅರಳುತ್ತದೆ ಎಂದು ಕುಡಿಯುವವರು ಹಿಂದಿನಿಂದಲೂ ಹೇಳುತ್ತಿದ್ದರು. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು: ಹೊಗೆಯ ವಾಸನೆ ಕೊಡುವ ಗ್ವಾಯಕೋಲ್ ಎಂಬ ವಸ್ತು, ನೀರು ಬೆರೆತಾಗ ದ್ರವದ ಮೇಲ್ಮೈಗೆ ಬಂದು ನಿಲ್ಲುತ್ತದಂತೆ. ನಿಮ್ಮ ಕೆಮ್ಮಿನ ಸಿರಪ್ಪಿನಲ್ಲಿ ಕಫ ಸಡಿಲಿಸಲು ಹಾಕುವ ಗ್ವಾಯಫೆನೆಸಿನ್ ಇದೇ ಮನೆತನದ್ದು.

ಐದನೆಯ ಲೋಟ ನನ್ನನ್ನು ನೇರ ಮೆಡಿಕಲ್ ಕಾಲೇಜಿಗೆ ಕರೆದೊಯ್ದಿತು. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುವಾಗ ಪೀಟ್, ಅಂದರೆ ಜೌಗುನೆಲದಲ್ಲಿ ಶತಮಾನಗಳ ಕಾಲ ಅರೆಕೊಳೆತು ಮಣ್ಣಿನಂತಾದ ಸಸ್ಯರಾಶಿಯನ್ನು ಉರಿಸಿ ಹೊಗೆ ಹಾಕಿದರೆ, ಫೀನಾಲ್ ಜಾತಿಯ ವಸ್ತುಗಳು ಕಾಳಿಗೆ ಹತ್ತಿಕೊಳ್ಳುತ್ತವೆ. ಹಳೆಯ ಆಪರೇಷನ್ ಥಿಯೇಟರಿನ ವಾಸನೆ ಅದೇ. 1865ರಲ್ಲಿ ಜೋಸೆಫ್ ಲಿಸ್ಟರ್ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಬಳಸಿ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನೇ ಬದಲಿಸಿದ. ಆ ಕಾರ್ಬಾಲಿಕ್ ಆಮ್ಲವೆಂದರೆ ಫೀನಾಲೇ. ಅವನು ಆಗ ಕೆಲಸ ಮಾಡುತ್ತಿದ್ದ ಊರು ಸ್ಕಾಟ್ಲೆಂಡಿನ ಗ್ಲಾಸ್ಗೋ.

ಅದೇ ಗ್ಲಾಸ್ಗೋದಲ್ಲಿಯೇ 2004ರಲ್ಲಿ ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಮಾಲ್ಟ್ ವಿಸ್ಕಿಯನ್ನು ಮೊದಲು ಬಿಡುಗಡೆ ಮಾಡಿತು. 1948ರಲ್ಲಿ ಆರಂಭವಾದ ಈ ಕಂಪನಿಯ ಭಟ್ಟಿ ಇರುವುದು ಮೈಸೂರು ರಸ್ತೆಯ ಕಂಬೀಪುರದಲ್ಲಿ. ಬೆಂಗಳೂರಿಗೆ ಹೋಗುವಾಗಲೆಲ್ಲ ನಾನು ಆ ಕಡೆಯಿಂದಲೇ ಹಾದುಹೋಗುತ್ತೇನೆ. ಜಿಮ್ ಮರ್ರೆ ಎಂಬ ಇಂಗ್ಲಿಷ್ ಲೇಖಕ ತನ್ನ 2010ರ ವಿಸ್ಕಿ ಕೈಪಿಡಿಯಲ್ಲಿ ಇವರ ‘ಫ್ಯೂಷನ್’ ಅನ್ನು ಜಗತ್ತಿನ ಮೂರನೆಯ ಉತ್ತಮ ವಿಸ್ಕಿ ಎಂದು ಹೆಸರಿಸಿದ ಮೇಲೆ ಭಾರತದ ಮಾಲ್ಟ್ ಕಂಡು ಮೂಗು ಮುರಿಯುವುದು ನಿಂತಿತು. ಮರದ ಪೀಪಾಯಿಯಲ್ಲಿಟ್ಟ ವಿಸ್ಕಿ ವರ್ಷಕ್ಕಿಷ್ಟು ಆವಿಯಾಗುತ್ತದೆ. ಅದಕ್ಕೆ ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಇದು ಶೇ. 2ರಷ್ಟಾದರೆ ಬೆಂಗಳೂರಿನ ಹವೆಯಲ್ಲಿ ಶೇ. 10ರಿಂದ 12. ವೈದ್ಯನಾಗಿ ಹೇಳುವುದಾದರೆ, ಯಾರ ಯಕೃತ್ತಿಗೂ ತೊಂದರೆ ಕೊಡದ ಪಾಲು ಅದೊಂದೇ.

ಈಗ ಲೆಕ್ಕ. ಒಂದೊಂದು ಲೋಟಕ್ಕೆ 15 ಮಿ.ಲೀ. ಎಂದು ಆಹ್ವಾನದಲ್ಲಿ ಅಚ್ಚಾಗಿತ್ತು. ನನ್ನ ಬ್ಯಾಗಿನಲ್ಲಿ ಮಕ್ಕಳ ಸಿರಪ್ ಅಳೆಯುವ ಪ್ಲಾಸ್ಟಿಕ್ ಮುಚ್ಚಳ ಸದಾ ಇರುತ್ತದೆ. ಪಕ್ಕದವರು ನಗುತ್ತಿದ್ದರೂ ಅಳೆದೇ ನೋಡಿದೆ. ಬಡಿಸುವ ಹುಡುಗನ ಕೈ ಧಾರಾಳವಾಗಿತ್ತು, 20 ಮಿ.ಲೀ.ಗೆ ಕಡಿಮೆ ಇರಲಿಲ್ಲ. ಆರು ಲೋಟಕ್ಕೆ 120 ಮಿ.ಲೀ., ಅಂದರೆ ಎರಡು ದೊಡ್ಡ ಪೆಗ್ಗು. ಮಾಲ್ಟುಗಳ ಶಕ್ತಿ ಸರಾಸರಿ ಶೇ. 46 ಎಂದಿಟ್ಟುಕೊಂಡರೂ ಅದರಲ್ಲಿ ಸುಮಾರು 44 ಗ್ರಾಂ ಶುದ್ಧ ಮದ್ಯಸಾರ. ನನ್ನಂತೆ 70 ಕಿಲೊ ತೂಗುವ ಗಂಡಸು ಇಷ್ಟನ್ನೂ ಕುಡಿದರೆ ರಕ್ತದಲ್ಲಿ 100 ಮಿ.ಲೀ.ಗೆ 90 ಮಿಲಿಗ್ರಾಂನ ಆಸುಪಾಸಿಗೆ ಏರುತ್ತದೆ. ಯಕೃತ್ತು ಗಂಟೆಗೆ ಇಳಿಸಬಲ್ಲದ್ದು ಸುಮಾರು 15 ಮಿಲಿಗ್ರಾಂ. ಕಾಫಿ ಕುಡಿದರೂ ಅಷ್ಟೆ, ತಣ್ಣೀರಿನಲ್ಲಿ ಮುಖ ತೊಳೆದರೂ ಅಷ್ಟೆ. ಎರಡು ಗಂಟೆಯ ಕೂಟ ಮುಗಿಸಿ ಹೊರಬಂದಾಗ 60 ಉಳಿದಿರುತ್ತದೆ. ಮೋಟಾರು ವಾಹನ ಕಾಯಿದೆಯ ಮಿತಿ 30. ಹೊಟ್ಟೆ ತುಂಬ ಉಂಡಿದ್ದರೆ ಅಂಕಿ ಸ್ವಲ್ಪ ತಗ್ಗೀತು. ಹೆಂಗಸರಲ್ಲಿ, ದೇಹದ ನೀರಿನಂಶ ಕಡಿಮೆ ಇರುವುದರಿಂದ, ಅಷ್ಟೇ ಕುಡಿತಕ್ಕೆ ಇನ್ನೂ ಹೆಚ್ಚು ಏರುತ್ತದೆ. ಅಲ್ಲಿದ್ದ ನಲವತ್ತು ಜನರಲ್ಲಿ ಒಬ್ಬರಿಗೂ ತಾವು ಕುಡಿದಿದ್ದೇವೆ ಎನಿಸಿರಲಿಲ್ಲ. ರುಚಿ ನೋಡಿದ್ದೇವೆ, ಅಷ್ಟೆ. ಕಾರಿನ ಕೀಲಿಗಳು ಮೇಜಿನ ಮೇಲೆಯೇ ಇದ್ದವು.

ನಾನು ಮೊದಲ ಮೂರನ್ನು ಪೂರ್ತಿ ಕುಡಿದೆ. ಲೆಕ್ಕ ಹೊಳೆದದ್ದು ಆಮೇಲೆ. ಉಳಿದದ್ದನ್ನು ಮೂಸಿ, ತುಟಿಗೆ ತಾಗಿಸಿ ಇಟ್ಟೆ. ಆಟೋ ಹಿಡಿದು ಬಸವನಗುಡಿಯ ಅಕ್ಕನ ಮನೆಗೆ ಹೋದರೆ ಅವಳು ಬಾಗಿಲಲ್ಲೇ, “ಏನೋ, ಶನಿವಾರವೂ ಆಸ್ಪತ್ರೆನಾ? ಮೈಯೆಲ್ಲ ಫಿನಾಯಿಲ್ ವಾಸನೆ” ಎಂದಳು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಬರೆಯಬೇಕಾದ ಕಾರಣ ಇದಲ್ಲ. ಮೂರನೆಯ ಲೋಟದ ಹೊತ್ತಿಗೆ ಹಿಂದಿನಿಂದ ಯಾರೋ ಹೆಗಲ ಮೇಲೆ ಕೈಯಿಟ್ಟರು. ನನ್ನ ರೋಗಿ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ.) ಐವತ್ತು ದಾಟಿದವರು, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಯಕೃತ್ತಿನಲ್ಲಿ ಕೊಬ್ಬು, ರಕ್ತಪರೀಕ್ಷೆಯಲ್ಲಿ ಅದರ ಕಿಣ್ವಗಳು ಇರಬೇಕಾದ್ದಕ್ಕಿಂತ ಮೂರು ಪಟ್ಟು. ಒಂದು ತೊಟ್ಟೂ ಕೂಡದು ಎಂದು ಚೀಟಿಯಲ್ಲಿ ಬರೆದು ಅಡಿಗೆರೆ ಎಳೆದು ಕೊಟ್ಟಿದ್ದೆ. “ಓಹೋ, ನೀವೂ ಇದೀರಾ ಸಾರ್! ಹಾಗಾದ್ರೆ ನಂದೇನೂ ಭಯ ಇಲ್ಲ ಬಿಡಿ. ಇದು ಕುಡಿಯೋದಲ್ಲ, ಬರೀ ಟೇಸ್ಟಿಂಗು” ಎಂದರು. ಕೈಯಲ್ಲಿ ಲೋಟ ಹಿಡಿದವನು ಏನು ಹೇಳಬೇಕು? ನಾನು ನಕ್ಕುಬಿಟ್ಟೆ.

ಹತ್ತು ದಿನದ ಮೇಲೆ ಅವರ ಹೆಂಡತಿ ಒಬ್ಬರೇ ಕ್ಲಿನಿಕ್ಕಿಗೆ ಬಂದರು. “ಡಾಕ್ಟ್ರೇ, ನಿಮ್ಮ ಜೊತೆ ಕೂತು ತಗೊಂಡ್ರಂತೆ. ಡಾಕ್ಟ್ರೇ ಕುಡೀತಾರೆ, ನಿನ್ನದೇನು ಅಂತಾರೆ. ಹೌದಾ?” ಆ ಶನಿವಾರ ಮಧ್ಯರಾತ್ರಿ ಅವರ ಮೈಯೆಲ್ಲ ಬೆವೆತು, ಮಾತು ತೊದಲಿತ್ತಂತೆ. ಅಮಲು ಇಳಿಯಲಿ ಎಂದು ಮನೆಯವರು ಮಲಗಿಸಿಬಿಟ್ಟಿದ್ದರು. ಪುಣ್ಯಕ್ಕೆ ಪಕ್ಕದ ಮನೆಯ ನರ್ಸ್ ಹುಡುಗಿ ಬೆರಳು ಚುಚ್ಚಿ ನೋಡಿದಳು. ಸಕ್ಕರೆ 46ಕ್ಕೆ ಇಳಿದಿತ್ತು.

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹೊಟ್ಟೆ ಖಾಲಿಯಾದಾಗ ರಕ್ತಕ್ಕೆ ಸಕ್ಕರೆ ತಯಾರಿಸಿ ಕೊಡುವುದು ಯಕೃತ್ತು. ಮದ್ಯಸಾರ ಒಳಗೆ ಬಂದರೆ ಅದು ಈ ಕೆಲಸಕ್ಕೆ ಅಡ್ಡಬರುತ್ತದೆ. ಜೊತೆಗೆ ಇನ್ಸುಲಿನ್ನೋ ಗ್ಲಿಮೆಪಿರೈಡ್‌ನಂಥ ಮಾತ್ರೆಯೋ ಇದ್ದರೆ, ಕುಡಿದು ಗಂಟೆಗಳಾದ ಮೇಲೂ ಸಕ್ಕರೆ ಕುಸಿಯಬಹುದು. ಬೆವರು, ತೊದಲು, ತೂರಾಟ ಎಲ್ಲವೂ ಅಮಲಿನಂತೆಯೇ ಕಾಣುತ್ತವೆ. ಸಕ್ಕರೆ ಕಾಯಿಲೆಯವರು ಕುಡಿದು ಹೀಗಾದರೆ ಮಲಗಿಸಬೇಡಿ, ಸಕ್ಕರೆ ಪರೀಕ್ಷಿಸಿ. ಎಚ್ಚರವಿದ್ದು ನುಂಗಬಲ್ಲರಾದರೆ ಸಕ್ಕರೆ ನೀರು ಕುಡಿಸಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಆ ಹೆಂಗಸಿನ ಪ್ರಶ್ನೆಗೆ ಹೌದು ಎಂದೆ. ಮರುದಿನ ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಮೇಲಿನ ಲೆಕ್ಕವನ್ನೆಲ್ಲ ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅಂದು ನಗಬಾರದಿತ್ತು ಎಂದೂ ಹೇಳಿದೆ. ನನಗಾಗಿದ್ದು ಅವರಿಗೂ ಆಗಬಹುದು ಎಂಬ ಅವರ ವಾದದಲ್ಲಿ ಹುರುಳಿಲ್ಲ. ನನಗೆ ಅವರ ಕಾಯಿಲೆಗಳಿಲ್ಲ. ಆದರೆ ನನಗೆ ಹಾನಿಯೇ ಇಲ್ಲ ಎಂದೂ ಹೇಳುವಂತಿಲ್ಲ. ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದು ಎಂದು ನಾನು ಓದುವಾಗ ಮೇಷ್ಟರುಗಳೇ ಹೇಳುತ್ತಿದ್ದರು. ಆ ಕಾಲದ ಅಧ್ಯಯನಗಳಲ್ಲಿ ಕುಡಿಯದವರ ಸಾಲಿನಲ್ಲಿ, ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿಕೊಂಡಿದ್ದರು. ಹಾಗಾಗಿ ಕುಡಿಯುವವರೇ ಗಟ್ಟಿಮುಟ್ಟಾಗಿ ಕಂಡರು. ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 1988ರಲ್ಲೇ. ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದು ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಪ್ರಮಾಣ ಕಡಿಮೆಯಾದಷ್ಟೂ ಅಪಾಯ ಕಡಿಮೆ, ಅಷ್ಟೆ. ನಾನು ತಿಂಗಳಿಗೆ ಒಂದೆರಡು ಸಲ 30 ಮಿ.ಲೀ. ತೆಗೆದುಕೊಳ್ಳುವುದು ಇಷ್ಟವಿದೆಯೆಂದು, ಆರೋಗ್ಯಕ್ಕೆಂದಲ್ಲ. ಕುಡಿಯದವರು ಇದನ್ನೋದಿ ಆರಂಭಿಸಬೇಕಾಗಿಯೂ ಇಲ್ಲ.

ನನಗೆ ಸಿಟ್ಟಿರುವುದು ಆ ‘ಟೇಸ್ಟಿಂಗು’ ಎಂಬ ಮಾತಿನ ಮೇಲೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಗುವವರೆಗೆ ಪ್ಯಾಕೆಟ್ ಹರಿದು ಕುಡಿಯುತ್ತಿದ್ದ ಕೂಲಿಯವನನ್ನು ಕುಡುಕ ಎಂದೆವು. ಸಾವಿರಾರು ರೂಪಾಯಿಯ ಬಾಟಲಿಯಿಂದ ಅಷ್ಟೇ ಮದ್ಯಸಾರ ಹೊಟ್ಟೆಗಿಳಿಸಿದವನನ್ನು ರಸಿಕ ಎನ್ನುತ್ತೇವೆ. ಯಕೃತ್ತಿಗೆ ಬಾಟಲಿಯ ಚೀಟಿ ಓದಲು ಬರುವುದಿಲ್ಲ. ವಾಸನೆಯೇ ಮುಖ್ಯವೆಂದು ವೇದಿಕೆಯ ಮೇಲೆ ಹೇಳುವವರು, ವಿಸ್ಕಿ ಬೆರೆಸುವುದನ್ನೇ ವೃತ್ತಿಯಾಗಿಸಿಕೊಂಡವರು ಬಹುಪಾಲು ಕೆಲಸವನ್ನು ಮೂಗಿನಲ್ಲೇ ಮುಗಿಸುತ್ತಾರೆ ಎಂಬುದನ್ನೂ ಹೇಳಬೇಕು. ಬಾಯಿಗೆ ಹಾಕಿ ಉಗುಳುವುದರಲ್ಲಿ ನಾಚಿಕೆ ಏಕೆ?

ದಿನವೂ ಕುಡಿಯುವ ಅಭ್ಯಾಸವಿದ್ದವರಿಗೆ ಇನ್ನೊಂದು ಮಾತು. ಇದನ್ನೋದಿ ಹಠಕ್ಕೆ ಬಿದ್ದು ಒಂದೇ ದಿನದಲ್ಲಿ ಬಿಡಬೇಡಿ. ಕೈನಡುಕ, ಭ್ರಮೆ, ಫಿಟ್ಸ್ ಬರುವುದುಂಟು. ವೈದ್ಯರನ್ನು ಕಂಡು, ಔಷಧಿಯ ಆಸರೆಯಲ್ಲಿ ಬಿಡಬೇಕು. ನನ್ನ ರೋಗಿಗೂ ಈಗ ಹಾಗೆಯೇ ನಡೆದಿದೆ. ಅವರು ಕುಡಿಯುತ್ತಿದ್ದದ್ದು ಕೂಟದ ದಿನಗಳಲ್ಲಿ ಮಾತ್ರವಲ್ಲ ಎಂಬುದು ಆ ಚೀಟಿಯ ಹಿಂಬದಿಯ ಲೆಕ್ಕದಲ್ಲಿಯೇ ಹೊರಬಿತ್ತು.

ಕೂಟದ ವ್ಯವಸ್ಥಾಪಕರಿಗೆ ಕಾಗದ ಬರೆದೆ. ಅಳತೆಯ ಲೋಟದಲ್ಲೇ ಬಡಿಸಿ, ಮೊದಲು ಊಟ ಕೊಡಿ, ಹೋಗುವವರಿಗೆ ಟ್ಯಾಕ್ಸಿ ಮಾಡಿಸಿ, ಮೇಜಿಗೊಂದು ಉಗುಳುವ ಪಾತ್ರೆ ಇಡಿ ಎಂದು ನಾಲ್ಕು ಕೋರಿಕೆ. ಮರ್ಯಾದೆಯಿಂದಲೇ ಉತ್ತರ ಬಂತು. ಮೊದಲ ಮೂರಕ್ಕೆ ಒಪ್ಪಿದ್ದಾರೆ. ಉಗುಳುವ ಪಾತ್ರೆ ಇಟ್ಟರೆ ಮಾತ್ರ ಅತಿಥಿಗಳಿಗೆ ಅಸಹ್ಯವಾಗುತ್ತದಂತೆ.