ಸಿರಿವಂತ ರಾಜ, ಬಡ ಸೀಮೆ

ಮಕ್ಕಳೇ, ರಾಜ ಸಿರಿವಂತನಾದರೆ ಪ್ರಜೆಗಳೂ ಸಿರಿವಂತರೇ?

ನಮ್ಮ ಕಲಬುರಗಿಯ ಜಗತ್, ಕೆಂಪು ಬಾಳೆಗೆ ಹೆಸರಾದ ಕಮಲಾಪುರ, ಎರಡೂ 1948ರವರೆಗೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. ದಕ್ಷಿಣಕ್ಕೆ ಮೈಸೂರು ಅರಸರ ರಾಜ್ಯ. 1937ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ನಮ್ಮ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ಲೋಕದ ಅತಿ ದೊಡ್ಡ ಶ್ರೀಮಂತ ಎಂದಿತು. ಹಾಗಾದರೆ ನಾವೇ ಮುಂದಿರಬೇಕಿತ್ತಲ್ಲವೇ?

ಮೈಸೂರಿನವರು 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದರ ದೀಪ ಬೆಳಗಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಹೈದರಾಬಾದಿನಲ್ಲೂ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. ಆದರೆ ಪಾಠವೆಲ್ಲ ಉರ್ದುವಿನಲ್ಲಿ. ನಮ್ಮಪ್ಪ ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿತವರು. ಭಾಷೆ ಹತ್ತದ ಎಷ್ಟೋ ಗೆಳೆಯರು ನಡುವೆಯೇ ಶಾಲೆ ಬಿಟ್ಟು ಹೊಲಕ್ಕೆ ಹೋದರಂತೆ. ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಮೈಸೂರಿಗಿಂತ 64 ವರ್ಷ ತಡ!

1956ರಲ್ಲಿ ಎರಡೂ ಕನ್ನಡ ಸೀಮೆಗಳು ಒಂದೇ ರಾಜ್ಯವಾದವು. ಗಡಿ ಹೋಯಿತು, ಅಂತರ ಉಳಿಯಿತು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ 21 ನಮ್ಮ ವಿಭಾಗದವು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371ಜೆ ವಿಧಿ ನಮ್ಮ ಮಕ್ಕಳಿಗೆ ಓದು, ನೌಕರಿಗಳಲ್ಲಿ ಮೀಸಲು ಕೊಟ್ಟದ್ದು ಈ ಅಂತರ ತುಂಬಲೆಂದೇ.

ಖಜಾನೆಯಲ್ಲಿ ಕೂತ ಚಿನ್ನ ಮಗುವಿಗೆ ಮಗ್ಗಿ ಕಲಿಸುವುದಿಲ್ಲ; ಶಾಲೆಯಾಗಿ ಊರಿಗೆ ಬಂದ ಹಣ ಕಲಿಸುತ್ತದೆ.

ಈ ವಾರ ನಿಮ್ಮ ಮುತ್ಯಾ, ಆಯಿಯರನ್ನು ಕೇಳಿ: ಶಾಲೆ ಎಷ್ಟು ದೂರವಿತ್ತು? ಯಾವ ಭಾಷೆಯಲ್ಲಿ ಕಲಿತಿರಿ? ಯಾಕೆ ಬಿಟ್ಟಿರಿ? ಅವರ ಉತ್ತರವನ್ನು ಬರೆದಿಡಿ. ಅದೂ ನಮ್ಮ ಸೀಮೆಯ ಚರಿತ್ರೆಯೇ.