ಅಗುಳು ಸುಳ್ಳಾಡಿದರೆ?

ಅನ್ನ ಬೆಂದಿದೆಯೆ ಎಂದು ತಿಳಿಯಲು ಪಾತ್ರೆಯನ್ನೆಲ್ಲ ಬರಿದುಮಾಡಬೇಕಾಗಿಲ್ಲ. ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಆದರೆ ಈ ನ್ಯಾಯದಲ್ಲಿ ಎರಡು ಷರತ್ತುಗಳು ಅಡಗಿವೆ. ಆ ಅಗುಳು ಉಳಿದ ಅಗುಳುಗಳನ್ನು ಹೋಲುತ್ತಿರಬೇಕು. ಅದು ಈಗತಾನೆ ತೆಗೆದುದಾಗಿರಬೇಕು. ತೈಲ ಶುದ್ಧೀಕರಣಾಗಾರ, ರಸಗೊಬ್ಬರದ ಕಾರ್ಖಾನೆ ಮೊದಲಾದೆಡೆಗಳಲ್ಲಿ ಹಗಲಿರುಳು ದುಡಿಯುವ ವಿಶ್ಲೇಷಕ ಯಂತ್ರಗಳಿಗೂ ಈ ಷರತ್ತುಗಳು ಅನ್ವಯಿಸುತ್ತವೆ. ಕೊಳವೆಯಲ್ಲಿ ಹರಿಯುವ ದ್ರವದಿಂದಲೋ ಅನಿಲದಿಂದಲೋ ಸ್ವಲ್ಪ ಭಾಗವನ್ನು ತೆಗೆದು, ಸೋಸಿ, ಒತ್ತಡವನ್ನು ಇಳಿಸಿ, ಹದವಾದ ಉಷ್ಣತೆಗೆ ತಂದು ವಿಶ್ಲೇಷಕಕ್ಕೆ ಒಪ್ಪಿಸುವ ಏರ್ಪಾಡಿಗೆ ಮಾದರಿ ವ್ಯವಸ್ಥೆಯೆಂದು ಹೆಸರು. ನಾವು ವಿಶ್ಲೇಷಕವನ್ನು ಹೊಗಳುತ್ತೇವೆ. ಮಾದರಿಯನ್ನು ತರುವ ಕೊಳವೆಯನ್ನು ಮರೆಯುತ್ತೇವೆ. ಈ ಮರೆವು ಸಲ್ಲದೆಂಬುದೇ ನನ್ನ ವಾದ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. 6 ಮಿಲಿಮೀಟರ್ ಒಳವ್ಯಾಸವೂ 60 ಮೀಟರ್ ಉದ್ದವೂ ಇರುವ ಕೊಳವೆಯಲ್ಲಿ ಸುಮಾರು 1.7 ಲೀಟರ್ ದ್ರವ ಹಿಡಿಸುತ್ತದೆ. ಅದು ನಿಮಿಷಕ್ಕೆ ಅರ್ಧ ಲೀಟರಿನಂತೆ ಹರಿದರೆ, ಮಾದರಿಯು ವಿಶ್ಲೇಷಕವನ್ನು ತಲಪಲು 3 ನಿಮಿಷ 24 ಸೆಕೆಂಡು ಬೇಕು. ಯಂತ್ರವು ಎಷ್ಟೇ ಸೂಕ್ಷ್ಮವಾಗಿರಲಿ, ಅದು ಹೇಳುವುದು ಹಳೆಯ ಸುದ್ದಿ! ಅದೇ ಯಂತ್ರವನ್ನು 3 ಮೀಟರ್ ದೂರದಲ್ಲಿಟ್ಟರೆ 10 ಸೆಕೆಂಡು ಸಾಕು.

ಹಾಗಾದರೆ ಹತ್ತಿರ ಇಡಬಾರದೇಕೆ? ಅಲ್ಲಿ ಸೋರಿದ ಅನಿಲವು ಗಾಳಿಯೊಡನೆ ಬೆರೆತಿರುವ ಸಂಭವವುಂಟು. ಗಾಳಿಯಲ್ಲಿ ಬೆರೆತ ಜಲಜನಕವನ್ನು ಹೊತ್ತಿಸಲು ಸುಮಾರು 0.02 ಮಿಲಿಜೂಲ್ ಶಕ್ತಿ ಸಾಕು. 1 ಮಿಲಿಗ್ರಾಂ ತೂಕದ ಮರಳಿನ ಕಣವು 2 ಮೀಟರ್ ಎತ್ತರದಿಂದ ಬಿದ್ದರೆ ದೊರೆಯುವ ಶಕ್ತಿ ಇಷ್ಟೇ. ಇಂತಹ ಎಡೆಯಲ್ಲಿ ವಿದ್ಯುದುಪಕರಣವನ್ನು ಇಡಲು ಎರಡು ಮುಖ್ಯ ಮಾರ್ಗಗಳುಂಟು. ಒಳಗೆ ಸ್ಫೋಟವಾದರೂ ಜ್ವಾಲೆ ಹೊರಬಾರದಂತೆ ದಪ್ಪ ಲೋಹದ ಪೆಟ್ಟಿಗೆಯಲ್ಲಿ ಉಪಕರಣವನ್ನು ಅಡಕಮಾಡುವುದು ಒಂದು. ಕಿಡಿ ಹಾರಿದರೂ ಅನಿಲವು ಹೊತ್ತಲಾರದಷ್ಟು ಕಡಿಮೆ ಶಕ್ತಿಯನ್ನು ಮಾತ್ರ ಮಂಡಲಕ್ಕೆ ಕೊಡುವುದು ಇನ್ನೊಂದು. ಇದೇ ಅಂತರ್ಗತ ಸುರಕ್ಷೆ.

ಈ ಎರಡನೆಯ ವಿಚಾರವು ಕಲ್ಲಿದ್ದಲಿನ ಗಣಿಗಳಲ್ಲಿ ಪ್ರಾಣಗಳನ್ನು ತೆತ್ತು ಕಲಿತ ಪಾಠ. 1913ರ ಅಕ್ಟೋಬರ್ 14ರಂದು ವೇಲ್ಸಿನ ಸೆಂಘನೈಡ್ ಗಣಿಯಲ್ಲಿ ಸ್ಫೋಟವಾಗಿ 439 ಮಂದಿ ಗಣಿಗಾರರು ಮಡಿದರು. ಸಂಕೇತದ ಗಂಟೆಯ ತಂತಿಯ ಕಿಡಿಯ ಮೇಲೆ ಸಂಶಯ ಹುಟ್ಟಿತು. ಬ್ಯಾಟರಿಯು ದುರ್ಬಲವಾಗಿದ್ದರೂ, ಗಂಟೆಯ ಸುರುಳಿಯಲ್ಲಿ ಸಂಗ್ರಹವಾದ ಕಾಂತಶಕ್ತಿಯು ಪ್ರವಾಹ ಕಡಿದೊಡನೆ ಕಿಡಿಯಾಗಿ ಹೊರಬೀಳುತ್ತದೆ. ವೀಲರ್ ಮತ್ತು ಥಾರ್ನ್‌ಟನ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ತೋರಿಸಿದರು. ನೀವು ತರಗತಿಯಲ್ಲಿ ಕಲಿಯುವ ಸ್ವಪ್ರೇರಣೆಯ ಸೂತ್ರವು ಬರಿಯ ಅಂಕಗಳಿಗಾಗಿ ಇರುವುದಲ್ಲ.

ಈ ಹಳೆಯ ಪಾಠವೂ ಹೊಸ ಅಂಕೀಯ ತಂತ್ರವೂ ಈಗ ಒಂದಾಗಿವೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಬೆಳೆದ ‘ನೆಸ್ಸಿ’ ಎಂಬ ಯೋಜನೆಯಲ್ಲಿ ಸೋಸುಕ, ಕವಾಟ, ಒತ್ತಡಮಾಪಕ ಮೊದಲಾದುವೆಲ್ಲ ಸುಮಾರು 38 ಮಿಲಿಮೀಟರ್ ಚೌಕದ ತಳವುಳ್ಳ ಘಟಕಗಳು. ಇವನ್ನು ಇಟ್ಟಿಗೆಗಳಂತೆ ಜೋಡಿಸಬಹುದು. ಈ ಅಳತೆಗೆ 2002ರಲ್ಲಿ ಮಾನಕವು ರೂಪುಗೊಂಡಿತು. ಆದುದರಿಂದ ಒಬ್ಬ ತಯಾರಕನ ಘಟಕದ ಸ್ಥಾನದಲ್ಲಿ ಮತ್ತೊಬ್ಬನದು ಕುಳಿತುಕೊಳ್ಳುತ್ತದೆ. ಎರಡನೆಯ ಹಂತದಲ್ಲಿ ಘಟಕಗಳು ಅಂತರ್ಗತ ಸುರಕ್ಷೆಯುಳ್ಳ ಒಂದೇ ತಂತಿಮಾರ್ಗದಲ್ಲಿ ತಮ್ಮ ಒತ್ತಡ, ಉಷ್ಣತೆ, ಹರಿವುಗಳನ್ನು ಅಂಕಿಗಳಾಗಿ ತಿಳಿಸಬೇಕೆಂಬುದು ಉದ್ದೇಶ. ಸೋಸುಕವು ಕಟ್ಟಿಕೊಂಡರೆ ಆ ಸುದ್ದಿಯೂ ಒಡನೆಯೆ ನಿಯಂತ್ರಣದ ಕೊಠಡಿಗೆ ಬರುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಕಿರಿದಾದ ದಾರಿಗಳಲ್ಲಿ ಕೊಳೆಯ ದ್ರವವು ಬೇಗ ಸಿಕ್ಕಿಕೊಳ್ಳುತ್ತದೆ. ಸಂದುಗಳು ಹೆಚ್ಚಿದಷ್ಟೂ ಸೋರುವ ಎಡೆಗಳೂ ಹೆಚ್ಚು. ಅಂತರ್ಗತ ಸುರಕ್ಷೆಯ ಮಿತಿಯೊಳಗೆ ದೊರೆಯುವ ಅಲ್ಪ ವಿದ್ಯುತ್ತಿನಿಂದ ಮಾದರಿಯನ್ನು ಕಾಯಿಸಲಾಗದು. ಇವು ನಿಜವಾದ ತೊಡಕುಗಳೇ. ಆದರೆ ತನ್ನ ಆರೋಗ್ಯವನ್ನು ತಾನೇ ಹೇಳದ ಅಳತೆಯ ಬೆಲೆ ಇವುಗಳಿಗಿಂತ ದೊಡ್ಡದು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಶುದ್ಧೀಕರಣಾಗಾರದಲ್ಲಿ ಗೋಪುರವು ದ್ರವದಿಂದ ತುಂಬುತ್ತಿದ್ದಾಗ, ಮಟ್ಟಮಾಪಕವು ದ್ರವ ಇಳಿಯುತ್ತಿದೆಯೆಂದು ತೋರಿಸುತ್ತಿತ್ತು. ಬೇರೆ ಲೋಪಗಳೂ ಸೇರಿ ಆದ ಸ್ಫೋಟದಲ್ಲಿ 15 ಮಂದಿ ಸತ್ತರು. ಅದು ಮಾದರಿ ವ್ಯವಸ್ಥೆಯಲ್ಲದಿದ್ದರೂ ನೀತಿ ಒಂದೇ: ಮೌನವಾಗಿ ಕೆಟ್ಟ ಉಪಕರಣವು, ಉಪಕರಣವೇ ಇಲ್ಲದಿರುವುದಕ್ಕಿಂತ ಅಪಾಯಕರವಾಗಬಲ್ಲದು.

ನಮ್ಮ ಪ್ರಯೋಗಶಾಲೆಗಳಲ್ಲಿ ಉತ್ತರವು ಪುಸ್ತಕದ ಬೆಲೆಗೆ ಹೊಂದಿದರೆ ತೃಪ್ತಿ. ವಿದ್ಯಾರ್ಥಿಗಳೆ, ಅಳತೆಯು ಎಲ್ಲಿಂದ ಬಂತು, ಯಾವಾಗ ಬಂತು, ನಂಬಲು ಆಧಾರವೇನು ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಸಲವೂ ಕೇಳಿರಿ. ನಾಳೆ ನಿಮ್ಮಲ್ಲಿ ಕೆಲವರು ಮಂಗಳೂರಿನ ಬಳಿಯ ಶುದ್ಧೀಕರಣಾಗಾರದಂತಹ ಎಡೆಗಳಲ್ಲಿ ಕೆಲಸಕ್ಕೆ ನಿಲ್ಲುವಿರಿ. ಅಲ್ಲಿ ಈ ಪ್ರಶ್ನೆಗಳ ಉತ್ತರದ ಮೇಲೆ ನಿಮ್ಮ ಜತೆಯವರ ಜೀವ ನಿಂತಿರುತ್ತದೆ.