ಹೊಟ್ಟೆ ಕಿರಿದಾಯಿತು, ಲೋಟದ ಸಕ್ಕರೆ ಹಾಗೇ ಉಳಿಯಿತು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬೆಂಗಳೂರಿನ ಆಸ್ಪತ್ರೆಯಿಂದ ರಾಮನಗರಕ್ಕೋ ಕನಕಪುರಕ್ಕೋ ಮರಳುವವರ ಕೈಯಲ್ಲಿ ಒಂದು ಊಟದ ಪಟ್ಟಿ ಇರುತ್ತದೆ. ಅನ್ನ ಎಷ್ಟು, ಮುದ್ದೆ ಯಾವಾಗ, ಮೊಟ್ಟೆ ಯಾವ ವಾರದಿಂದ ಎಂಬುದನ್ನೆಲ್ಲ ಮನೆಯವರು ಚಾಚೂತಪ್ಪದೆ ಪಾಲಿಸುತ್ತಾರೆ. ಆ ಲೆಕ್ಕದಿಂದ ತಪ್ಪಿಸಿಕೊಳ್ಳುವುದು ಕಾಫಿ. ನಮ್ಮ ಕಡೆ ಅದನ್ನು ಆಹಾರ ಎಂದು ಯಾರೂ ಎಣಿಸುವುದಿಲ್ಲ. ಕೆಲವು ತಿಂಗಳ ಮೇಲೆ, ಕಾಫಿ ಕುಡಿದ ಸ್ವಲ್ಪ ಹೊತ್ತಿಗೇ ಎದೆ ಹೊಡೆದುಕೊಂಡು, ಬೆವರು ಕಿತ್ತು, ಹೊಟ್ಟೆ ನುಲಿಯತೊಡಗಿದರೆ ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗುತ್ತಾರೆ. ತೊಂದರೆ ಲೋಟದೊಳಗಿನ ಸಕ್ಕರೆಯದ್ದಾಗಿರಬಹುದು ಎಂಬುದು ಹೊಳೆಯುವುದೇ ಇಲ್ಲ.

ಇದು ಏಕೆ ಹೀಗಾಗುತ್ತದೆ ಎಂದು ನಿಧಾನವಾಗಿ ನೋಡೋಣ. ಜಠರದ ಕೆಳತುದಿಯಲ್ಲಿ ಕೆರೆಯ ತೂಬಿನಂಥ ಒಂದು ಸ್ನಾಯು ಇದೆ. ತಿಂದದ್ದು, ಕುಡಿದದ್ದು ಒಮ್ಮೆಲೇ ಕರುಳಿಗೆ ನುಗ್ಗದಂತೆ ಅದು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ಅದನ್ನು ನೇರ ಸಣ್ಣಕರುಳಿಗೆ ಜೋಡಿಸುವುದರಿಂದ ಆ ತೂಬು ದಾರಿಯಿಂದಲೇ ಹೊರಗುಳಿಯುತ್ತದೆ. ಸ್ಲೀವ್ ಎಂಬ ಇನ್ನೊಂದು ಬಗೆಯಲ್ಲಿ ಜಠರದ ಮುಕ್ಕಾಲು ಭಾಗದಷ್ಟನ್ನು ತೆಗೆಯುತ್ತಾರೆ. ತೂಬು ಉಳಿದರೂ ಒಳಗಿದ್ದದ್ದು ಮೊದಲಿಗಿಂತ ಬೇಗ ಖಾಲಿಯಾಗುತ್ತದೆ. ಎರಡರಲ್ಲೂ ಸಕ್ಕರೆ ಬೆರೆತ ದ್ರವ ಬೇಗನೆ ಕರುಳು ಸೇರುತ್ತದೆ. ಬೈಪಾಸ್ ಆದವರಲ್ಲಿ ತೊಂದರೆ ಹೆಚ್ಚು.

ಕರುಳಿಗೆ ಬಿದ್ದ ಸಕ್ಕರೆ ಮೈಯ ನೀರನ್ನು ತನ್ನತ್ತ ಎಳೆಯುತ್ತದೆ. ಹತ್ತರಿಂದ ಮೂವತ್ತು ನಿಮಿಷದಲ್ಲಿ ಕಾಣುವ ಬೆವರು, ಹೊಟ್ಟೆ ನುಲಿತ, ಭೇದಿ ಇದರಿಂದಲೇ. ಎರಡನೆಯ ಪೆಟ್ಟು ಒಂದರಿಂದ ಮೂರು ಗಂಟೆಯ ನಂತರ ಬೀಳುತ್ತದೆ. ಸಕ್ಕರೆ ಒಮ್ಮೆಲೇ ರಕ್ತಕ್ಕೆ ಏರಿದಾಗ ದೇಹ ಇನ್ಸುಲಿನ್ ಅನ್ನು ಬೇಕಾದದ್ದಕ್ಕಿಂತ ಹೆಚ್ಚು ಸುರಿಸುತ್ತದೆ. ಆಮೇಲೆ ರಕ್ತದ ಸಕ್ಕರೆ ಕುಸಿದು ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಸುಸ್ತು ಎಂದು ಇನ್ನೊಂದು ಸಿಹಿ ಕಾಫಿ ಕುಡಿದರೆ ಅದೇ ಸುತ್ತು ಮತ್ತೆ ಶುರು. ಚನ್ನಪಟ್ಟಣದ ಹೋಟೆಲಿನಲ್ಲಿ ಕಾಫಿ ಕುಡಿದು ಬೈಕ್ ಹತ್ತಿದವನಿಗೆ ಬಿಡದಿ ದಾಟಿದ ಮೇಲೆ ತಲೆ ಸುತ್ತಿದರೆ ಏನಾಗಬಹುದು ಎಂದು ಊಹಿಸಿದರೇ ನನಗೆ ಭಯವಾಗುತ್ತದೆ.

ಈಗ ಲೋಟದೊಳಗೆ ಇಣುಕೋಣ. ನೂರು ಮಿಲಿಲೀಟರ್ ಹಾಲಿನಲ್ಲಿ ಹಾಲಿನದೇ ಸಕ್ಕರೆ ಐದು ಗ್ರಾಂನಷ್ಟಿರುತ್ತದೆ. ಅದರ ಮೇಲೆ ಎರಡು ಚಿಕ್ಕ ಚಮಚ ಸಕ್ಕರೆ ಹಾಕಿದರೆ ಇನ್ನು ಎಂಟು–ಹತ್ತು ಗ್ರಾಂ ಸೇರುತ್ತದೆ. ಹೊರಗಿನಿಂದ ಸೇರುವ ಸಕ್ಕರೆ ದಿನಕ್ಕೆ 25 ಗ್ರಾಂನೊಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರೋಗ್ಯವಂತರಿಗೂ ಸೇರಿಸಿ. ಮೂರು ಕಾಫಿಗೆ ಆ ಮಿತಿ ಮುಗಿದೇ ಹೋಯಿತು. ದರ್ಶಿನಿಗಳಲ್ಲಿ ‘ವಿತೌಟ್’ ಎಂದು ಕೂಗಿ ಹೇಳಿದರೆ ಮಾತ್ರ ಸಕ್ಕರೆ ಹಾಕದ ಕಾಫಿ ಸಿಗುತ್ತದೆ. ‘ಲೆಸ್ ಶುಗರ್’ ಎಂದರೆ ಎಷ್ಟು ಕಡಿಮೆ ಎಂಬುದು ಕಾಫಿ ಬೆರೆಸುವವನ ಕೈಗೆ ಬಿಟ್ಟದ್ದು. ಹಾಲು, ಸಕ್ಕರೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿಟ್ಟಿರುವ ಅಂಗಡಿಗಳಲ್ಲಿ ‘ವಿತೌಟ್’ ಎಂದರೂ ಉಪಯೋಗವಿಲ್ಲ. ಸಕ್ಕರೆ ಡಬ್ಬಿ ಗಿರಾಕಿಯ ಕೈಗೆ ಸಿಗುವಂತೆ ಹೊರಗಿರಲಿ ಎಂದು ಹೋಟೆಲಿನವರನ್ನು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಬೆಲ್ಲದ ಕಾಫಿಯ ಬಗ್ಗೆ ಬಿಡಿಸಿ ಹೇಳಲೇಬೇಕು. ಪಕ್ಕದಲ್ಲೇ ಮಂಡ್ಯದ ಆಲೆಮನೆಗಳಿರುವ ನಮಗೆ ಬೆಲ್ಲದ ಮೇಲೆ ನಂಬಿಕೆ ಹೆಚ್ಚು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುವುದು ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಶಸ್ತ್ರಚಿಕಿತ್ಸೆಯಾದವರ ಕರುಳಿಗೆ ಬಿಳಿ ಸಕ್ಕರೆಯೂ ಒಂದೇ, ಬೆಲ್ಲವೂ ಒಂದೇ, ಜೇನೂ ಒಂದೇ. ಸಕ್ಕರೆ ಬಿಟ್ಟಿದ್ದೇನೆ ಎಂಬ ಸಮಾಧಾನದಲ್ಲಿ ಬೆಲ್ಲದ ಕಾಫಿ ಕುಡಿಯುವವರು ಪೂರ್ತಿ ಒಳ್ಳೆಯ ಮನಸ್ಸಿನಿಂದಲೇ ತೊಂದರೆ ತಂದುಕೊಳ್ಳುತ್ತಾರೆ.

ಇನ್ನು ಪೊಟ್ಟಣಗಳು. ಬಿಸಿನೀರಿಗೆ ಸುರಿದರೆ ಕಾಫಿಯಾಗುವ ಪುಡಿಗಳು, ಬಿಡದಿಯ ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ಇರುವ ಯಂತ್ರದ ಕಾಫಿ ಈ ಬಗೆಯವು. ಪೊಟ್ಟಣದ ಹಿಂದೆ ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿರುವುದರಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕೆಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಕಾಫಿಗಿಂತ ಮೊದಲು ಸಕ್ಕರೆಯ ಹೆಸರಿದ್ದರೆ ಅದು ಕಾಫಿಯ ರುಚಿಯಿರುವ ಸಕ್ಕರೆ ಎಂದೇ ತಿಳಿಯಿರಿ. ಇನ್ನೂ ಹೆಚ್ಚಾಗಿ ಮೋಸ ಹೋಗುವುದು ‘ಮಾಲ್ಟೊಡೆಕ್ಸ್‌ಟ್ರಿನ್’ ಎಂಬ ಪದದಲ್ಲಿ. ಅದು ಪಿಷ್ಟವನ್ನು ಒಡೆದು ಮಾಡಿದ ಪುಡಿ. ನಾಲಗೆಗೆ ಸಿಹಿ ಕಡಿಮೆ, ಲೇಬಲ್ಲಿನ ಸಕ್ಕರೆಯ ಸಾಲಿನಲ್ಲೂ ಬಹುಮಟ್ಟಿಗೆ ಕಾಣುವುದಿಲ್ಲ. ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಸೇರಿರುತ್ತದೆ. ರಕ್ತಕ್ಕೆ ಮಾತ್ರ ಸಕ್ಕರೆಯಷ್ಟೇ ವೇಗವಾಗಿ ಹೋಗುತ್ತದೆ. ‘ಶುಗರ್ ಫ್ರೀ’ ಎನ್ನಬೇಕಾದರೆ ನೂರು ಗ್ರಾಂನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರುವಂತಿಲ್ಲ. ಅಷ್ಟಿದ್ದರೂ ಮಾಲ್ಟೊಡೆಕ್ಸ್‌ಟ್ರಿನ್ ಇದ್ದೀತು, ಆದ್ದರಿಂದ ಎರಡು ಸಾಲನ್ನೂ ಓದಬೇಕು. ಚಿಕೋರಿ ಬೆರೆತ ಪುಡಿಯ ಬಗ್ಗೆ ಮಾತ್ರ ಆತಂಕ ಬೇಡ, ಅದು ಕಹಿಯ ಬೇರು, ಅದರಿಂದ ಬರುವ ಸಕ್ಕರೆ ಗಣನೆಗೆ ಬರುವಷ್ಟಿಲ್ಲ.

ಶಕ್ತಿಗೆಂದು ಹಾಲಿಗೆ, ಕಾಫಿಗೆ ಮಾಲ್ಟ್ ಪುಡಿ ಬೆರೆಸಿಕೊಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಬೋರ್ನ್‌ವೀಟಾದಂಥ ಪಾನೀಯಗಳನ್ನು ಆನ್‌ಲೈನ್ ಅಂಗಡಿಗಳು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯಬೇಕೆಂದು ಸೂಚಿಸಿತ್ತು. ಅಂಥ ವರ್ಗವೇ ಕಾನೂನಿನಲ್ಲಿ ಇಲ್ಲ. ಶಸ್ತ್ರಚಿಕಿತ್ಸೆಯಾದವರಿಗೆ ಬೇಕಿರುವುದು ಪ್ರೋಟೀನ್, ಅದು ಮೊಟ್ಟೆಯಿಂದಲೋ ಬೇಳೆಯಿಂದಲೋ ವೈದ್ಯರು ಹೇಳಿದ ಪುಡಿಯಿಂದಲೋ ಬರಲಿ. ಹೆದ್ದಾರಿಯ ಕೆಫೆಗಳಲ್ಲಿ ಸಿರಪ್ ಸುರಿದು ಕೊಡುವ ದೊಡ್ಡ ಗ್ಲಾಸಿನ ಕೋಲ್ಡ್ ಕಾಫಿ ಇವರಿಗೆ ಸಲ್ಲದು.

ಹಾಗಾದರೆ ಕಾಫಿಯನ್ನೇ ಬಿಡಬೇಕೇ? ವೈದ್ಯರು ಒಪ್ಪಿದ ಮೇಲೆ, ಮನೆಯ ಫಿಲ್ಟರಿನ ಡಿಕಾಕ್ಷನ್‌ಗೆ ಸ್ವಲ್ಪ ಹಾಲು ಸೇರಿಸಿ ಸಕ್ಕರೆಯಿಲ್ಲದೆ ಕುಡಿದರೆ ಅಷ್ಟೇನೂ ಕಷ್ಟವಿಲ್ಲ. ಕಹಿ ತಡೆಯದಿದ್ದರೆ ಏಲಕ್ಕಿ ಹಾಕಿಕೊಳ್ಳಬಹುದು. ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ಶಸ್ತ್ರಚಿಕಿತ್ಸೆಗೆ ಮೊದಲೇ ಇಳಿಸುತ್ತ ಬಂದರೆ ನಾಲಗೆ ಒಗ್ಗುತ್ತದೆ. ತಟ್ಟೆ ಇಡ್ಲಿ ತಿಂದು ತಕ್ಷಣ ಕಾಫಿ ಹೀರುವ ಬಿಡದಿಯ ರೂಢಿ ಮಾತ್ರ ಈಗ ಆಗದು. ತಿಂದು ಅರ್ಧ ಗಂಟೆ ಕಳೆಯಬೇಕು. ಕಬ್ಬಿಣದ ಮಾತ್ರೆ ನುಂಗುವವರು ಅದಕ್ಕೂ ಕಾಫಿಗೂ ಒಂದೆರಡು ಗಂಟೆ ಅಂತರ ಇಡಬೇಕು, ಇಲ್ಲದಿದ್ದರೆ ಮೈ ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಮಾಗಡಿಯ ನೆಂಟರ ಮನೆಯಲ್ಲಿ ಅತ್ತೆಯೋ ದೊಡ್ಡಮ್ಮನೋ ಬೆರೆಸಿಯೇ ತಂದ ಲೋಟವನ್ನು ಬೇಡ ಎನ್ನುವುದೇ ಎಲ್ಲಕ್ಕಿಂತ ಕಷ್ಟ. ಮನೆ ಬಾಗಿಲು ದಾಟುವ ಮೊದಲೇ ಫೋನಿನಲ್ಲಿ ‘ಡಾಕ್ಟರ್ ಸಕ್ಕರೆ ಬೇಡ ಅಂದಿದ್ದಾರೆ’ ಎಂದರೆ ಯಾರೂ ಬೇಸರಿಸುವುದಿಲ್ಲ. ಕೈ ನಡುಗಿ ಸುಸ್ತಾದಾಗ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ವೈದ್ಯರು ಹೇಳಿಕೊಟ್ಟಷ್ಟು ಗ್ಲೂಕೋಸ್ ತೆಗೆದುಕೊಂಡು, ನಂತರ ಪ್ರೋಟೀನ್ ಇರುವುದನ್ನು ತಿನ್ನಿ. ಆ ಹೊತ್ತಿನಲ್ಲಿ ಗಾಡಿ ಓಡಿಸಬೇಡಿ. ಏನು ಕುಡಿದಿದ್ದಿರಿ, ಎಷ್ಟು ಹೊತ್ತಿಗೆ ತೊಂದರೆಯಾಯಿತು ಎಂದು ಬರೆದಿಟ್ಟು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ. ಪದೇ ಪದೇ ಹೀಗಾದರೆ ಆ ಭೇಟಿಯವರೆಗೂ ಕಾಯಬೇಡಿ.